ಐದು ಕುಣಿಕೆಯ ಮೊಗ್ಗು

ಹಾಪ್ಸಲು ಎಂಬ ಊರಿನಲ್ಲಿ ಅಲ್ವೀನೆಯ ಬಗ್ಗೆ ಒಳ್ಳೆಯ ಮಾತಾಡುವವರು ಇಬ್ಬರೇ ಇದ್ದರು. ಒಬ್ಬ ಅವಳ ಗಂಡ, ಅವನು ಸತ್ತು ಇಪ್ಪತ್ತು ವರ್ಷವಾಗಿತ್ತು. ಇನ್ನೊಬ್ಬಳು ಪಕ್ಕದ ಮನೆಯ ಲೆಂಬಿ, ಅವಳೂ ಮನಸ್ಸು ಬಂದಾಗ ಮಾತ್ರ. ಉಳಿದ ಊರು ಅಲ್ವೀನೆಯ ಶಾಲನ್ನು ಹೊಗಳಿ, ಅಲ್ವೀನೆಯನ್ನು ಬೈದು ಸುಮ್ಮನಾಗುತ್ತಿತ್ತು. ಎರಡೂ ಅವಳಿಗೆ ಸಲ್ಲಬೇಕಾದದ್ದೇ.

ಆ ಊರಿನ ಹೆಂಗಸರು ಹೆಣೆಯುವ ಉಣ್ಣೆಯ ಶಾಲು ಎಷ್ಟು ತೆಳು ಎಂದರೆ, ಹಾಸಿದರೆ ಮೇಜು ಮುಚ್ಚುವ ಬಟ್ಟೆ ಮದುವೆಯ ಉಂಗುರದೊಳಗೆ ತೂರಿ ಆಚೆ ಬರುತ್ತದೆ. ಅದರ ತುಂಬ ಚಿಕ್ಕ ಮೊಗ್ಗುಗಳು. ಒಂದೊಂದು ಮೊಗ್ಗಿಗೂ ಏಳು ಕುಣಿಕೆ ಎತ್ತಿ, ಏಳನ್ನೂ ಒಟ್ಟಿಗೆ ಬಿಗಿಯಬೇಕು. ಐದೇ ಎತ್ತಿದರೆ ಬೇಗ ಮುಗಿಯುತ್ತದೆ. ಕೊಳ್ಳುವ ಪ್ರವಾಸಿಗೆ ಏನೂ ತಿಳಿಯುವುದಿಲ್ಲ. ಹೆಣೆದವಳಿಗೆ ತಿಳಿಯುತ್ತದೆ, ಅಲ್ವೀನೆಗಂತೂ ತಿಳಿದೇ ತಿಳಿಯುತ್ತಿತ್ತು.

ಪ್ರತಿ ಆಗಸ್ಟಿನಲ್ಲಿ ಕೋಟೆಯ ಅಂಗಳದಲ್ಲಿ ಶಾಲುಗಳ ಪರೀಕ್ಷೆ ನಡೆಯುತ್ತದೆ. ಶಾಲಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಜೊತೆಗೊಂದು ಮುಚ್ಚಿದ ಲಕೋಟೆ. ಅದರೊಳಗಿನ ಚೀಟಿಯಲ್ಲಿ ಮೊದಲ ಸಾಲು ಹೆಣೆದವಳ ಹೆಸರು, ಎರಡನೆಯದು ಶಾಲು ಯಾರಿಗೆ ಎಂಬುದು. ಒಂದೊಂದು ಶಾಲಿನ ಪರೀಕ್ಷೆ ಮುಗಿದ ಕೂಡಲೇ ಅದರ ಲಕೋಟೆ ಒಡೆದು ಎರಡನ್ನೂ ಗಟ್ಟಿಯಾಗಿ ಓದುತ್ತಾರೆ. ಇಪ್ಪತ್ತೆರಡು ವರ್ಷ ಆ ಪರೀಕ್ಷೆಯ ಮೇಜಿನ ಹಿಂದೆ ಕೂತವಳು ಅಲ್ವೀನೆ. ತಪ್ಪಿರುವ ಶಾಲನ್ನು ಬರಿದೇ ಹಿಂತಿರುಗಿಸಬಾರದು, ಎಲ್ಲರೆದುರು ಬಿಚ್ಚಿ ನೂಲುಂಡೆ ಮಾಡಿ ಕೈಗೆ ಕೊಡಬೇಕು ಎಂಬ ನಿಯಮ ತಂದವಳೂ ಅವಳೇ. ಹನ್ನೊಂದು ಶಾಲು ಬಿಚ್ಚಿದ್ದಳು. ಹತ್ತನ್ನು ಮರೆತಿದ್ದಳು.

ಹನ್ನೊಂದನೆಯದು ಉರ್ವೆಯದು. ತಾಯಿಯಿಲ್ಲದ ಹುಡುಗಿ, ಹನ್ನೆರಡನೇ ವಯಸ್ಸಿಗೆ ಅಲ್ವೀನೆಯ ಬಳಿ ಕಲಿಯಲು ಬಂದವಳು. ಹತ್ತೊಂಬತ್ತಕ್ಕೆ ಮದುವೆ ಗೊತ್ತಾದಾಗ ತನ್ನ ಮದುವೆಯ ಶಾಲನ್ನು ತಾನೇ ಇಡೀ ಚಳಿಗಾಲ ಕೂತು ಹೆಣೆದಳು. ಗಂಟೆಹೂವಿನ ಮಾದರಿ, ಎಲ್ಲಕ್ಕಿಂತ ಕಷ್ಟದ್ದು. ಮದುವೆಯ ಹಿಂದಿನ ದಿನ ಅದು ಪರೀಕ್ಷೆಗೆ ಬಂತು. ನಟ್ಟನಡುವೆ ಒಂದೇ ಒಂದು ಮೊಗ್ಗಿಗೆ ಐದು ಕುಣಿಕೆ. ಅಲ್ವೀನೆ ಕತ್ತರಿ ತೆಗೆದುಕೊಂಡಳು.

“ಒಂದೇ ಅಲ್ವಾ ದೊಡ್ಡಮ್ಮ, ನಾಳೆ ಮದುವೆ” ಎಂದು ಹುಡುಗಿ ಅತ್ತಿದ್ದಳು.

“ಶಾಲಿಲ್ಲ ಅಂತ ಯಾರೂ ಸಾಯಲ್ಲ” ಎಂದು ಅಲ್ವೀನೆ ನೂಲುಂಡೆಯನ್ನು ಅವಳ ಮಡಿಲಿಗೆ ಹಾಕಿದ್ದಳು. ಉರ್ವೆ ಬರಿ ಹೆಗಲಲ್ಲಿ ಮದುವೆಯಾದಳು. ಆಮೇಲೆ ಒಂದು ತಪ್ಪನ್ನೂ ಮಾಡಲಿಲ್ಲ. ಅಲ್ವೀನೆಯ ಕಣ್ಣಿಗೆ ಪೊರೆ ಬಂದಾಗ ಪರೀಕ್ಷಕಿಯ ಕುರ್ಚಿಯಲ್ಲಿ ಕೂತವಳು ಅವಳೇ.

ಅಲ್ವೀನೆಗೆ ಎಂಬತ್ತು ತುಂಬಿದ ವರ್ಷ ಅವಳೊಳಗೆ ಏನೋ ಕದಲಿತು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಜನ ಆ ಊರಿನವರಲ್ಲ. ಹೇಳಬೇಕಾದದ್ದನ್ನು ಕೈಯಲ್ಲಿ ಮಾಡಿ ಕೊಡುತ್ತಾರೆ. ಅವಳು ಅದೇ ಗಂಟೆಹೂವಿನ ಮಾದರಿ ಎತ್ತಿಕೊಂಡಳು. ಕಣ್ಣಿಗೆ ಬಿಳುಪು ಬಿಟ್ಟರೆ ಬೇರೇನೂ ಕಾಣದು. ಕುಣಿಕೆಗಳನ್ನು ಹೆಬ್ಬೆರಳಿನಿಂದ ಎಣಿಸಿದಳು. ಅಕ್ಟೋಬರಿನಿಂದ ಮೇ ತನಕ ಹೆಣೆದಳು. ತೊಳೆದು ಚೌಕಟ್ಟಿಗೆ ಎಳೆದು ಕಟ್ಟುವ ದಿನ ಲೆಂಬಿಯನ್ನು ಕರೆದಳು, ಎರಡು ಕೈ ಸಾಲದೆ.

ಲೆಂಬಿ ಶಾಲಿನ ಒಂದು ಮೂಲೆ ಹಿಡಿದು ಮೊಗ್ಗುಗಳ ಮೇಲೆ ಬಹಳ ಹೊತ್ತು ಕಣ್ಣಾಡಿಸಿದಳು. ಆಮೇಲೆ ಅಂದಳು: “ಪರೀಕ್ಷೆಗೆ ಯಾಕೆ ಇಡ್ತೀಯ? ಉರ್ವೆ ಮನೆಗೆ ಹೋಗಿ ಅವಳ ಕೈಗೆ ಕೊಟ್ಟು ಬಾ. ಒಂದು ಕಾಫಿ ಕುಡಿದು ಬಾ.”

“ಪರೀಕ್ಷೆ ಆಗದ ಶಾಲು ಒರೆಸೋ ಬಟ್ಟೆ ಕಣೇ. ಅವಳಿಗೆ ಒರೆಸೋ ಬಟ್ಟೆ ಕೊಡ್ಲಾ?”

“ಮುದುಕಿ, ನಿನ್ನ ಸೊಕ್ಕಿಗೆ ಒಂದು ದಿನ ಬೆಂಕಿ ಬೀಳ್ತದೆ.”

“ಬೀಳಲಿ. ಚಳಿ ಆದ್ರೂ ಬಿಡ್ತದೆ.”

ಲಕೋಟೆಯ ಚೀಟಿಯನ್ನು ಅಲ್ವೀನೆ ತಾನೇ ಬರೆದಳು. ಕಾಣದ್ದರಿಂದ ಅಕ್ಷರಗಳು ದಪ್ಪ ದಪ್ಪ ಬಂದವು. ‘ಅಲ್ವೀನೆ. ಉರ್ವೆಗೆ, ಮದುವೆಯ ಶಾಲು.’ ಎಲ್ಲರೆದುರು ಉರ್ವೆಯ ಬಾಯಿಂದಲೇ ಆ ಎರಡನೆಯ ಸಾಲು ಕೇಳಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದುದು. ಅದಾದ ಮೇಲೆ ಸತ್ತರೂ ಸರಿ ಎಂದುಕೊಂಡಿದ್ದಳು.

ಪರೀಕ್ಷೆಯ ದಿನ ಕೋಟೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಹೆಂಗಸಿನ ಹಬ್ಬಕ್ಕೆ ಫಿನ್‌ಲೆಂಡಿನಿಂದ ಬಸ್ಸು ಬಸ್ಸು ಜನ ಬಂದಿದ್ದರು. ಹಿಂದೊಂದು ಕಾಲಕ್ಕೆ ಪಾದ್ರಿಯೊಬ್ಬನನ್ನು ಪ್ರೀತಿಸಿದ ತಪ್ಪಿಗೆ ಹುಡುಗಿಯೊಬ್ಬಳನ್ನು ಅಲ್ಲಿನ ಗೋಡೆಯೊಳಗೆ ಜೀವಸಹಿತ ಇಟ್ಟು ಕಟ್ಟಿದರೆಂಬ ಕತೆ. ಅವಳ ಬಿಳಿ ನೆರಳು ಆಗಸ್ಟಿನ ಬೆಳದಿಂಗಳಲ್ಲಿ ಕಿಟಕಿಯ ಮೇಲೆ ಕಾಣುತ್ತದಂತೆ. ಈಗ ಅವಳ ಹೆಸರಲ್ಲಿ ಸುಟ್ಟ ಬಾದಾಮಿ, ಹೊಗೆಯಲ್ಲಿ ಬೇಯಿಸಿದ ಮೀನು ಮಾರುತ್ತಾರೆ.

“ಕಟ್ಟಿದವರೂ ಈ ಊರಿನವರೇ, ಮಾರೋರೂ ಈ ಊರಿನವರೇ” ಎಂದು ಲೆಂಬಿ ಗೊಣಗುತ್ತ ಅಲ್ವೀನೆಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದಳು.

ಹಬ್ಬವೆಂದು ಹೆಣೆಯುವ ಹೆಂಗಸರೆಲ್ಲ ಹಳೆಯ ಕಾಲದ ಉದ್ದ ಲಂಗ, ತಲೆಗೆ ಬಿಳಿ ಬಟ್ಟೆ ತೊಟ್ಟಿದ್ದರು. ಉರ್ವೆಯೂ ಅದೇ ವೇಷದಲ್ಲಿ ಮೇಜಿನ ಹಿಂದೆ ಕೂತಿದ್ದಳು. ಒಂದರಿಂದ ಆರರವರೆಗೆ ಸಲೀಸಾಗಿ ಹೋಯಿತು. ಏಳನೆಯದು ಮೇಜಿನ ಕಪ್ಪು ಬಟ್ಟೆಯ ಮೇಲೆ ಹರಡಿಕೊಂಡಾಗ ಉರ್ವೆಯ ಕೈ ನಿಂತಿತು. ಆ ಹೆಣಿಗೆಯ ಬಿಗಿ ಯಾರದೆಂದು ತಿಳಿಯಲು ಅವಳಿಗೆ ಹೆಸರು ಬೇಕಿರಲಿಲ್ಲ. ಉಂಗುರದೊಳಗೆ ಎಳೆದಳು, ನೀರಿನಂತೆ ಜಾರಿತು. ಜನ ಓಹೋ ಎಂದರು. ಆಮೇಲೆ ಸಾಲು ಸಾಲಾಗಿ ಹೆಬ್ಬೆರಳು ಆಡಿಸುತ್ತ ಹೋದಳು.

“ಐದು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಇಲ್ಲೂ ಐದು. ಇಲ್ಲಿ ಇನ್ನೊಂದು.”

ಜನವರಿಯ ಒಂದು ವಾರ ಅಲ್ವೀನೆಯ ಹೆಬ್ಬೆರಳು ಚಳಿಗೆ ಮರಗಟ್ಟಿತ್ತು. ಸುಳ್ಳು ಎಣಿಕೆ ಕೊಟ್ಟಿತ್ತು.

ಮೇಜಿನ ಹಿಂದೆ ಉರ್ವೆಯ ಪಕ್ಕದಲ್ಲಿದ್ದವಳು ಮೆಲ್ಲಗೆ ಹೇಳಿದಳು, “ಉರ್ವೆ, ಬಿಡು. ಎಷ್ಟು ವರ್ಷ ಆಯ್ತು ಯಾರದನ್ನೂ ಬಿಚ್ಚಿ. ವಾಪಸ್ ಕೊಟ್ಟುಬಿಡು.”

“ನಿಯಮ ಇದೆಯೋ ಇಲ್ವೋ?”

“ಇದೆ.”

“ತಂದೋರು ಯಾರು?”

ಕತ್ತರಿಯ ಸದ್ದು ಅಲ್ವೀನೆಗೆ ಕೇಳಿಸಿತು. ಮೊದಲು ಅಂಚಿನ ಹೊಲಿಗೆ ಹೋಯಿತು, ಆಮೇಲೆ ಮೈ. ಉರ್ವೆ ಎದ್ದು ನಿಂತು ನೂಲನ್ನು ಎಳೆಯುತ್ತ ಹೋದಳು, ಎಂಟು ತಿಂಗಳು ಸರಸರ ಬಿಚ್ಚಿಕೊಂಡಿತು. ಹಳೆಯ ಕಾಲದ ವೇಷದ ಹೆಂಗಸು ಕೋಟೆಯ ಅಂಗಳದಲ್ಲಿ ಶಾಲು ಬಿಚ್ಚುವುದನ್ನು ಕಂಡ ಪ್ರವಾಸಿಗರು ಇದೂ ಹಬ್ಬದ ಆಟವೆಂದೇ ತಿಳಿದರು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಒಬ್ಬಾಕೆ ಮಗುವನ್ನು ಎತ್ತಿ ತೋರಿಸಿ ನಗಿಸಿದಳು. ಅಲ್ವೀನೆ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಈ ಜಾಗದಲ್ಲಿ ಕೂತರೆ ಹೇಗಿರುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಉರ್ವೆ ಬಂದು ಉಂಡೆಯನ್ನು ಅವಳ ಮಡಿಲಿಗೆ ಹಾಕಿದಳು.

“ಶಾಲಿಲ್ಲ ಅಂತ ಯಾರೂ ಸಾಯಲ್ಲ, ದೊಡ್ಡಮ್ಮ.”

ಮೂವತ್ತೆರಡು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. ಅದನ್ನು ಆಡಿ ಮೇಜಿಗೆ ಹಿಂತಿರುಗಿದಾಗ ಅವಳ ಹೆಜ್ಜೆ ಹಗುರವಾಗಿತ್ತು. ಲಕೋಟೆ ಹರಿದ ಸದ್ದಾಯಿತು.

“ನಂಬರ್ ಏಳು. ಹೆಣೆದವರು, ಅಲ್ವೀನೆ.”

ಇನ್ನು ಎರಡನೆಯ ಸಾಲು. ಅಲ್ವೀನೆ ಕಿವಿಯಾಗಿ ಕೂತಳು. ಎಲ್ಲೋ ಬಾದಾಮಿ ಮಾರುವವನು ಕೂಗಿದ. ಕಾಗದ ಮಡಿಸಿದ ಸದ್ದಾಯಿತು, ಒಮ್ಮೆ, ಮತ್ತೊಮ್ಮೆ.

“ಯಾರಿಗೆ ಅಂತ ಓದ್ಲಿಲ್ವಲ್ಲ?” ಎಂದು ಉರ್ವೆಯ ಪಕ್ಕದವಳು ಕೇಳಿದಳು.

“ನಂಬರ್ ಎಂಟು” ಎಂದಳು ಉರ್ವೆ. ಅದನ್ನು ಎರಡು ಸಲ ಹೇಳಬೇಕಾಯಿತು.

ಪರೀಕ್ಷೆ ಮುಗಿದು ಮೇಜು ಎತ್ತಿದರು. ಲೆಂಬಿ ಮೂಗು ಒರೆಸಿಕೊಂಡಳು.

“ಚೌಕಟ್ಟಿಗೆ ಕಟ್ಟೋವಾಗಲೇ ನೋಡಿದ್ದೆ ಕಣೇ, ಮೂರನ್ನೂ.”

“ಹೇಳೋಕೇನಾಗಿತ್ತು ನಿನಗೆ?”

“ಹೇಳಿದ್ರೆ ನೀನೇ ಬಿಚ್ಚಿಬಿಡ್ತಿದ್ದೆ.”

ಅದು ನಿಜವಾಗಿತ್ತು. ಆಗ ಕಲ್ಲುಹಾಸಿನ ಮೇಲೆ ಹೆಜ್ಜೆಯೊಂದು ಹತ್ತಿರ ಬಂದು ಅವಳೆದುರು ನಿಂತಿತು. ಯಾರೆಂದು ಅವಳು ಕೇಳಲಿಲ್ಲ. ನೂಲುಂಡೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಂದಕ್ಕೆ ಚಾಚಿದಳು.

“ಅದು ನಿಮ್ಮ ಹತ್ರನೇ ಇರಬೇಕು” ಎಂದಳು ಉರ್ವೆ. “ನಿಯಮ.”

ಹೆಜ್ಜೆ ಕೋಟೆಯ ಬಾಗಿಲವರೆಗೂ ಕೇಳಿಸಿತು. ಆಮೇಲೆ ಬಸ್ಸುಗಳ ಸದ್ದು. ಲೆಂಬಿ ಅಲ್ವೀನೆಯ ಇನ್ನೂ ಚಾಚಿದ್ದ ಕೈಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.