ಎಲ್ಲರ ಅಂಗಳ

ಆ ಸರ್ಕಾರಿ ವಸತಿ ಕಟ್ಟಡದಲ್ಲಿ ಮನೆಗಳು ಬೆಂಕಿಪೊಟ್ಟಣದಷ್ಟೇ. ಬಾಗಿಲ ಮುಂದಿನ ಕಾರಿಡಾರು ಮಾತ್ರ ಬೀದಿಯಷ್ಟು ಅಗಲ. "ಇದು ಎಲ್ಲರ ಅಂಗಳ" ಎಂದು ನಕ್ಷೆ ಬರೆದ ಎಂಜಿನಿಯರು ಉದ್ಘಾಟನೆಯ ದಿನ ಹೇಳಿದ್ದನ್ನು ಅಲ್ಲಿ ವಾಸವಿದ್ದ ವೆಲ್ಡರನೊಬ್ಬನ ತಾಯಿ ವೇದವಾಕ್ಯವೆಂದು ನಂಬಿದಳು. ಅಲ್ಲೇ ಕೂತು ಅಕ್ಕಪಕ್ಕದ ಕೂಸುಗಳಿಗೂ ಉಣಿಸಿ ಬೆಳೆಸಿದಳು.

ಒಮ್ಮೆ ಯಾರದೋ ಚಪ್ಪಲಿ ಕಳುವಾಯಿತು. ಮೂಲೆಮನೆಯವರು ಬಾಗಿಲ ಮುಂದಿನ ಜಾಗಕ್ಕೆ ಗ್ರಿಲ್ ಹಾಕಿಸಿ ಬೀಗ ಜಡಿದರು. ನಾವೇನು ಕಡಿಮೆ ಎಂದು ಉಳಿದವರೂ ಹಾಕಿಸಿದರು, ಒಬ್ಬರಿಗಿಂತ ಒಬ್ಬರು ಒಂದೊಂದು ಗೇಣು ಮುಂದಕ್ಕೆ. ಎಲ್ಲವನ್ನೂ ಬೆಸೆದವನು ವೆಲ್ಡರನೇ. ಜನರ ದುರಾಸೆ ಕಂಡು ಅವನಿಗೆ ಹೇಸಿಗೆ. ಆ ಹೇಸಿಗೆಯಿಂದಲೇ ಅವನ ಹೊಟ್ಟೆಪಾಡು. ಕೊನೆಗೆ ತನ್ನ ಮನೆಗೂ ಒಂದು ಹಾಕಿಕೊಂಡ.

"ನನ್ನನ್ನೇ ಜೈಲಿಗೆ ಹಾಕ್ತೀಯೇನೋ?" ಎಂದಳು ತಾಯಿ.

"ಸುಮ್ನಿರಮ್ಮ, ನಾವೊಬ್ರೇ ಯಾಕೆ ಬಿಡ್ಬೇಕು?"

ಮೊನ್ನೆ ಅವಳು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಂಬುಲೆನ್ಸಿನವರು ತಂದ ಸ್ಟ್ರೆಚರ್ ಗ್ರಿಲ್ಲುಗಳ ನಡುವೆ ಸಿಕ್ಕಿಕೊಂಡಿತು. ಮುದುಕಿಯನ್ನು ಕಂಬಳಿಯಲ್ಲಿ ಮೂಟೆಯಂತೆ ಸುತ್ತಿ, ಮಗ ಎದೆಗವಚಿಕೊಂಡು ಅಡ್ಡಡ್ಡ ನಡೆದ. ಅವಳ ಕೈತುತ್ತು ತಿಂದು ಬೆಳೆದವರೆಲ್ಲ ಕಂಬಿಗಳ ಹಿಂದೆ ನಿಂತು ಲೊಚಗುಟ್ಟಿದರು. ಒಬ್ಬರೂ ಬೀಗ ತೆಗೆಯಲಿಲ್ಲ.

ಮೂಲೆಮನೆಯಾಕೆ ಹೇಳಿದಳು: "ಪಾಪ, ಅಮ್ಮನಿಗೆ ಹೀಗಾಗಬಾರ್ದಿತ್ತು. ಆಸ್ಪತ್ರೆಯಿಂದ ಬಂದ್ಮೇಲೆ ಒಂಚೂರು ಈ ಕಡೆ ಬಾಪ್ಪ. ನಮ್ಮ ಗ್ರಿಲ್ಲು ಇನ್ನೊಂದು ಗೇಣು ಮುಂದಕ್ಕೆ ಹಾಕಿಸ್ಬೇಕು."

"ಥೂ!" ಎಂದು ವೆಲ್ಡರ್ ಅವಳ ಮುಖಕ್ಕೇ ಉಗಿದ. ಉಗುಳು ಅವನೇ ಬೆಸೆದ ಕಂಬಿಗೆ ಬಡಿದು, ಅವನ ತಾಯಿಯ ಕೆನ್ನೆಗೆ ಸಿಡಿಯಿತು.