ಯಾವ ಕೆನ್ನೆಯ ಬಂಗು ಕಮ್ಮಿ?

ಹುಣಸೆಹಣ್ಣು ಕೊಳ್ಳಲು ಊರೂರು ತಿರುಗುತ್ತಿದ್ದ ಕಾಲ. ಅಂಚೆಟ್ಟಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸು ತಟ್ಟನೆ ನನ್ನ ಕಡೆ ತಿರುಗಿ, "ಅಣ್ಣಾ, ನಿಜ ಹೇಳು, ಯಾವ ಕೆನ್ನೆ ಬಂಗು ಕಮ್ಮಿಯಾಗೈತೆ?" ಅಂದಳು. ನಾನು ಗಾಬರಿಯಾಗಿ ಸುತ್ತ ನೋಡಿದೆ.

ವಿಷಯ ಇಷ್ಟೇ. ಬಂಗು ಅಂದರೆ ಕೆನ್ನೆಯ ಮೇಲಿನ ಆ ಕಪ್ಪು ಕಲೆ ಹೋಗಲೆಂದು ಹೊಸೂರಿನ ಡಾಕ್ಟರ ಕೆಂಪು ಇಂಜೆಕ್ಷನ್ ಬಲತೋಳಿಗೆ, ಅಂಚೆಟ್ಟಿ ಡಾಕ್ಟರ ಹಳದಿ ಇಂಜೆಕ್ಷನ್ ಎಡತೋಳಿಗೆ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರ ಹತ್ತಿರ ವಾರವಾರ ಹಾಕಿಸಿಕೊಳ್ಳುತ್ತಿದ್ದಳು. ಯಾವ ಕೆನ್ನೆ ಮೊದಲು ತಿಳಿಯಾಗುತ್ತೋ ಆ ಕಡೆಯ ಮದ್ದೇ ಗಟ್ಟಿ ಅಂತ ಅವಳ ಲೆಕ್ಕ. ತಮ್ಮನ ಮದುವೆ ಫೋಟೋದಲ್ಲಾದರೂ ಮುಂದಿನ ಸಾಲಿನಲ್ಲಿ ನಿಲ್ಲಬೇಕು ಅನ್ನುವುದು ಅವಳ ಆಸೆ. ಮನೆಯವರು ಮುಖ ನೋಡಿ ನಿಜ ಹೇಳಲ್ಲವಂತೆ.

"ರಕ್ತ ಮೈಯೆಲ್ಲ ಓಡಾಡ್ತದಲ್ಲಕ್ಕಾ?"

"ಓಡಾಡ್ಲಿ. ಮೊದ್ಲು ಹತ್ರದ ಕೆನ್ನೆಗೆ ತಾನೇ ಬರೋದು?"

ಅವಳು ಒಂದೊಂದೇ ಕೆನ್ನೆಯನ್ನು ಬಿಸಿಲಿಗೆ ಹಿಡಿದಳು. ನಾನೂ ಬಗ್ಗಿ ನೋಡಿದೆ.

"ಎರಡೂ ಒಂದೇ ಥರ ಅವೆ ಕಣಕ್ಕಾ."

ಒಂದು ಗಳಿಗೆ ಸಪ್ಪಗಾದಳು. ಆಮೇಲೆ, "ಹಂಗಾದ್ರೆ ಎರಡೂ ಸಮ ಕೆಲ್ಸ ಮಾಡ್ತಾವೆ ಬಿಡು!" ಎಂದು ನಕ್ಕುಬಿಟ್ಟಳು.

ಬಸ್ಸಿನಲ್ಲಿ ನಿಲ್ಲಲಷ್ಟೇ ಜಾಗ ಸಿಕ್ಕಿತು. ಕಂಬಿ ಹಿಡಿಯಲು ಬಲಗೈ ಎತ್ತಿ "ಅಮ್ಮಾ" ಅಂದಳು. ಎಡಗೈ ಎತ್ತಿ ಮತ್ತೆ "ಅಮ್ಮಾ" ಅಂದಳು. ಅಷ್ಟರಮಟ್ಟಿಗೆ ಇಬ್ಬರು ಡಾಕ್ಟರೂ ನಿಜಕ್ಕೂ ಸಮವೇ.