ಡಬ್ಬಿಯ ಮುಚ್ಚಳದಲ್ಲಿ ಐದು ತುಣುಕು

ಅರ್ಧ ಇಡ್ಲಿ, ಕ್ರೀಮ್ ನೆಕ್ಕಿಬಿಟ್ಟಿದ್ದ ಬಿಸ್ಕತ್ತಿನ ಒಂದು ಹೋಳು, ಥೇಪ್ಲಾ ರೊಟ್ಟಿಯ ಅಂಚು, ಬ್ರೆಡ್ಡಿನ ಕಂದು ಪಟ್ಟಿ, ಒಂದು ಚಿಟಿಕೆ ಅವಲಕ್ಕಿ ಪೋಹೆ. ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಅವು ಒಂದಕ್ಕೊಂದು ತಾಗದಂತೆ ಕೂತಿದ್ದವು. ಡಬ್ಬಿಯೊಳಗೆ ಮನೆಯಿಂದ ಕಟ್ಟಿಕೊಟ್ಟ ಚಪಾತಿ, ಬದನೆಕಾಯಿ ಪಲ್ಯ ಮುಟ್ಟದೆ ಹಾಗೇ ಇದ್ದವು. ಹುಡುಗಿ ಮೊದಲು ಮುಚ್ಚಳದಲ್ಲಿದ್ದುದನ್ನು ಒಂದೂ ಬಿಡದೆ ತಿಂದಳು. ಆಮೇಲೆ ಡಬ್ಬಿಗೆ ಕೈ ಹಾಕಿದಳು.

ಧಾರಾವಿಗೂ ಬಾಂದ್ರಾಕ್ಕೂ ನಡುವೆ ಇರುವ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ನಾನು ಎರಡನೇ ತರಗತಿಗೆ ಪಾಠ ಮಾಡುತ್ತೇನೆ. ನಮ್ಮಲ್ಲಿ ಮಕ್ಕಳು ತಿಂಡಿ ಹಂಚಿಕೊಳ್ಳುವಂತಿಲ್ಲ. ಯಾರಿಗೋ ಕಡಲೆಬೀಜ ಆಗುವುದಿಲ್ಲ, ಯಾರ ಮನೆಯಲ್ಲೋ ಮೊಟ್ಟೆ ಮುಟ್ಟುವುದಿಲ್ಲ. ಆದ್ದರಿಂದ ಬೆಂಚಿನ ಬಳಿ ಹೋಗಿ, ಇದೆಲ್ಲ ಎಲ್ಲಿಂದ ಬಂತು ಎಂದು ಕೇಳಿದೆ. ಹುಡುಗಿ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಪಕ್ಕದವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅವಳು ದಿನಾ ಕೇಳುತ್ತಾಳೆ, ಐದೇ ಜನರ ಹತ್ತಿರ, ಆರನೆಯವರು ಕೊಡುತ್ತೇನೆಂದರೂ ಬೇಡ ಅನ್ನುತ್ತಾಳೆ.

"ಐ ಗೇವ್ ಯೆಸ್ಟರ್‌ಡೇ, ಟೀಚರ್," ಎಂದ. "ಟುಡೇ ನಾಟ್ ಮೈ ಟರ್ನ್."

ಕದ್ದು ತಿನ್ನುವ ಮಕ್ಕಳನ್ನು ನೋಡಿದ್ದೇನೆ, ಹೆದರಿಸಿ ಕಿತ್ತುಕೊಳ್ಳುವವರನ್ನೂ ನೋಡಿದ್ದೇನೆ. ಎಣಿಸಿ ಬೇಡುವ ಮಗು ಹೊಸದು. ಯಾರೋ ಹೇಳಿಕೊಟ್ಟಿರಬೇಕು ಅನ್ನಿಸಿತು. ಅವಳು ನೀರು ಕುಡಿಯಲು ತಲೆ ಎತ್ತಿದಾಗ ಕಾಲರಿನ ಒಳಗೆ ಕೆಂಪು, ಹಳದಿ ಎಳೆಗಳ ಒಂದು ದಾರ ಕಂಡಿತು. ಶಾಲೆ ಶುರುವಾದ ಜೂನಿನ ಮೊದಲ ವಾರಗಳಲ್ಲಿ ಅದು ಇರಲಿಲ್ಲ. ಇದ್ದಿದ್ದರೆ ನನ್ನ ಕಣ್ಣಿಗೆ ಬೀಳುತ್ತಿತ್ತು.

"ಯಾರು ಕಟ್ಟಿದ್ದು?" ಹಿಂದಿಯಲ್ಲಿ ಕೇಳಿದೆ.

"ಮಾಮಾ."

"ಯಾಕೆ?"

ಅವಳು ಕಾಲರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಷ್ಟೇ.

ಮಾಮಾ ಯಾರೆಂದು ನನಗೆ ಗೊತ್ತಿತ್ತು. ಹನ್ನೆರಡೂವರೆಗೆ ಶಾಲೆ ಬಿಡುವಾಗ ಗೇಟಿನಲ್ಲಿ ನಿಂತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸುವುದು ಕ್ಲಾಸ್ ಟೀಚರ್ ಕೆಲಸ. ಬಂದವರು ಹಳದಿ ಕಾರ್ಡು ತೋರಿಸಬೇಕು. ಅದರಲ್ಲಿ ಮಗುವನ್ನು ಕರೆದುಕೊಂಡು ಹೋಗಬಹುದಾದ ಇಬ್ಬರ ಫೋಟೋ, ಹೆಸರು, ಸಂಬಂಧ ಇರುತ್ತದೆ. ಈ ಹುಡುಗಿಯ ಕಾರ್ಡಿನಲ್ಲಿ ತಾಯಿಯ ಜೊತೆಗೆ ಒಬ್ಬ ಗಂಡಸಿನ ಫೋಟೋ ಇತ್ತು. ಸಂಬಂಧ, ತಾಯಿಯ ಅಣ್ಣ. ನಲವತ್ತರ ಆಸುಪಾಸು, ಸಣ್ಣ ಗಡ್ಡ, ಉಗುರುಗಳ ಸುತ್ತ ಕಪ್ಪು ಅಂಟು. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವವನಂತೆ. ಅವತ್ತು ಮೊದಲ ಬಾರಿಗೆ ಫೋಟೋದ ಕೆಳಗಿನ ಹೆಸರನ್ನು ಗಮನವಿಟ್ಟು ಓದಿದೆ. ಅದು ಮುಸ್ಲಿಂ ಹೆಸರು. ಹುಡುಗಿಯ ತಾಯಿಯ ಹೆಸರು, ಹುಡುಗಿಯ ಹೆಸರು, ಅಪ್ಪನ ಹೆಸರು, ಎಲ್ಲವೂ ಹಿಂದೂ ಹೆಸರುಗಳು.

ಗಮನಿಸಿದ್ದು ನಾನೊಬ್ಬಳೇ ಅಲ್ಲ. ನನ್ನ ತರಗತಿಯ ಹುಡುಗನೊಬ್ಬನ ತಾಯಿ ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಟೀಚರ್, ವೋ ಲಡ್ಕಿ ಮೇರೆ ಬೇಟೆ ಸೆ ಭೀಕ್ ಮಾಂಗ್ತಿ ಹೈ. ಕೌನ್ ಸಿಖಾತಾ ಹೈ ಯೇ ಸಬ್? ಔರ್ ಗಲೇ ಕಾ ಧಾಗಾ ದೇಖಾ ಆಪ್ನೇ?"

ಅವಳಿಗೆ ಭಿಕ್ಷೆ ಬೇಡಲು ಕಲಿಸುವವರು ಯಾರೋ ಗೊತ್ತಿಲ್ಲ, ಕೊರಳಿನ ದಾರ ನೋಡಿದ್ದೇನೆ ಎಂದೆ.

"ಔರ್ ಯೇ ಆದ್ಮಿ ಮಾಮಾ? ಮಾಮಾ ಕೈಸೇ?"

ಈತ ಮಾಮಾ ಹೇಗಾದನೆಂದು ವಿಚಾರಿಸುತ್ತೇವೆ ಎಂದೆ. ಅಷ್ಟರಲ್ಲಿ ಆತ ಹುಡುಗಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ತಿರುಗಿದ್ದ. ಅವರು ಫೋನ್ ಎತ್ತಿ ಆತನ ಬೆನ್ನಿನ ಫೋಟೋ ತೆಗೆದರು. ಸಂಜೆಯ ಹೊತ್ತಿಗೆ ಅದು ತಾಯಂದಿರ ಗ್ರೂಪಿನಲ್ಲಿತ್ತು.

ಮಾರನೆಯ ದಿನ ಮಕ್ಕಳನ್ನೆಲ್ಲ ಒಪ್ಪಿಸಿದ ಮೇಲೆ ನಾನು ಅವರಿಬ್ಬರ ಹಿಂದೆ ನಡೆದೆ. ಯಾರೂ ಹೇಳಿರಲಿಲ್ಲ. ಮಳೆ ನಿಂತಿತ್ತು, ಛತ್ರಿ ಮಡಚದೆ, ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಆತ ಅವಳ ಕೈ ಹಿಡಿದಿರಲಿಲ್ಲ, ಮಣಿಕಟ್ಟು ಹಿಡಿದಿದ್ದ. ಅದನ್ನು ಹೇಗೆ ಬೇಕಾದರೂ ಓದಬಹುದಿತ್ತು. ಜಾರದಂತೆ ಹಿಡಿದಿದ್ದಾನೆ ಅನ್ನಬಹುದು, ಓಡಿಹೋಗದಂತೆ ಹಿಡಿದಿದ್ದಾನೆ ಅನ್ನಬಹುದು. ವಾಹನಗಳು ಬರುವ ಕಡೆಗೆ ತಾನು ನಡೆಯುತ್ತಿದ್ದ. ಒಂದು ಅಂಗಡಿಯ ಮುಂದೆ ನಿಂತು ಸಕ್ಕರೆಯ ಪೊಟ್ಟಣ ಕಟ್ಟಿಸಿಕೊಂಡ. ದೊಡ್ಡ ರಸ್ತೆ ದಾಟಿ ಇಬ್ಬರೂ ಗಲ್ಲಿಯೊಳಗೆ ಹೋದರು. ನಾನು ರಸ್ತೆಯ ಈಚೆಯೇ ನಿಂತೆ. ನೋಡಿದ್ದರಿಂದ ಏನೂ ಇತ್ಯರ್ಥವಾಗಲಿಲ್ಲ. ಅನುಮಾನಕ್ಕೆ ಇನ್ನೆರಡು ವಿವರ ಸಿಕ್ಕವು ಅಷ್ಟೇ.

ಗ್ರೂಪಿನ ಫೋಟೋ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅವರ ಫೋನಿಗೂ ತಲುಪಿತು. ಸಿಸ್ಟರ್ ನನ್ನನ್ನು ಕರೆಸಿ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು. ದಾರ ದೊಡ್ಡ ವಿಷಯವಲ್ಲ. ಕಾರ್ಡಿನಲ್ಲಿ ಸುಳ್ಳು ಸಂಬಂಧ ಬರೆಸಿದ್ದಾರೆ, ಅದು ವಿಷಯ. ನಾಳೆ ಏನಾದರೂ ಆದರೆ ಮಗುವನ್ನು ಯಾರ ಕೈಗೆ ಕೊಟ್ಟಿರಿ ಎಂದು ಪೊಲೀಸರು ಕೇಳುವುದು ನಮ್ಮನ್ನು. ಇನ್ನು ಮುಂದೆ ತಾಯಿಯೇ ಬರಲಿ, ಇಲ್ಲವೇ ಬೇರೆ ಶಾಲೆ ನೋಡಿಕೊಳ್ಳಲಿ. ಇಬ್ಬರನ್ನೂ ಕರೆಸಿ.

ತಾಯಿ ಬಾಂದ್ರಾದಲ್ಲಿ ಮೂರು ಮನೆಗಳಿಗೆ ಅಡುಗೆ ಮಾಡುತ್ತಾಳೆ. ಹನ್ನೆರಡೂವರೆಗೆ ಅವಳು ಬರುವುದು ಸಾಧ್ಯವಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಸಿಸ್ಟರಿಗೂ ಗೊತ್ತಿತ್ತು.

ಅವರು ಬಂದದ್ದು ಮರುದಿನ ಶಾಲೆ ಬಿಟ್ಟ ಮೇಲೆ. ಹುಡುಗಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ತಾಯಿ ಕುರ್ಚಿಯ ತುದಿಯಲ್ಲಿ ಕೂತಳು. ಆತ ಕೂರಲಿಲ್ಲ. ಸಿಸ್ಟರ್ ಹಿಂದಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ಈ ದಾರ ಏನು? ಮಗು ಯಾಕೆ ಬೇಡುತ್ತಿದೆ? ಇವರು ನಿಮಗೆ ನಿಜವಾಗಿ ಏನಾಗಬೇಕು? ತಾಯಿ ಉತ್ತರಿಸುವ ಬದಲು ಆತನ ಕಡೆ ತಿರುಗಿದಳು.

"ಏನ್ ಹೇಳ್ಲಿ ಅಣ್ಣಾ ಇವ್ರಿಗೆ? ಅಲಾಯಿ ದೇವ್ರು ಅಂದ್ರ ತಿಳೀತೈತೇನು?"

ನಾನು ಮೂಲೆಯ ಕುರ್ಚಿಯಲ್ಲಿದ್ದೆ. ನನಗೆ ಕನ್ನಡ ಬರುತ್ತದೆ ಎಂದು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಇದೇ ಊರಿನ ಆಂಟಾಪ್ ಹಿಲ್‌ನಲ್ಲಿ. ಅಪ್ಪ ಅಮ್ಮನ ಊರು ಕುಂದಾಪುರದ ಕಡೆ. ಸ್ಟಾಫ್ ರೂಮಿನಲ್ಲಿ ಮನೆಭಾಷೆ ಗೊತ್ತಾದರೆ ಯಾರ ಗುಂಪಿನಲ್ಲಿ ಕೂರಬೇಕು ಎನ್ನುವುದೂ ನಿಗದಿಯಾಗುತ್ತದೆ, ಅದು ನನಗೆ ಬೇಡವಿತ್ತು. ಈಗಲೂ ಸುಮ್ಮನಿದ್ದೆ. ಗೊತ್ತಿಲ್ಲವೆಂದುಕೊಂಡು ಅವರು ಆಡುವ ಮಾತೇ ನನಗೆ ಬೇಕಾಗಿತ್ತು.

"ತಪ್ಪಾತು ಅಂದ್‌ಬಿಡವ್ವಾ, ಮುಗೀತು," ಎಂದ ಆತ.

"ಏನ್ ತಪ್ಪು? ಹರಕಿ ಹೊತ್ತಾಕಿ ನಾನು. ಫಿಟ್ಸ್ ಬಂದು ಕೂಸಿನ ಬಾಯಾಗ ನೊರಿ ಬಂದಾಗ ಮೊಹರಮ್ಮಿಗೆ ಇಕೀನ ಫಕೀರ ಮಾಡ್ತೀನಂತ ಬೇಡ್ಕೊಂಡೀನಿ. ಈ ವರ್ಷ ಊರಿಗೆ ಹೋಗಾಕ ಕೆಲಸದ ಮನಿ ಬಾಯಾರು ರಜಾ ಕೊಡ್ಲಿಲ್ಲ. ಇಲ್ಲೇ ನಿನ್ನ ಕೈಲೆ ಲಾಡಿ ಕಟ್ಟಸೀನಿ. ಅದಕ್ಯಾಕ ತಪ್ಪು ಅನ್ಲಿ?"

"ದಾರದ್ದಲ್ಲವ್ವಾ. ಬೇಡಿದ್ದು."

"ಸಾಲ್ಯಾಗ ಬೇಡು ಅಂತ ನಾ ಹೇಳಿಲ್ಲಪಾ."

"ಐದ ಮನಿ ಬೇಡಿ ಉಣಬೇಕು ಅಂತ ನಾ ಹೇಳಿದ್ದೆ. ಹಗಲೊತ್ನಾಗ ನಮ್ಮ ಗಲ್ಯಾಗ ಯಾರ ಬಾಗ್ಲಾ ತಗದಿರ್ತಾರ? ಎಲ್ಲಾರೂ ಕೆಲಸಕ್ಕ ಹೋಗಿರ್ತಾರ. ಇಕಿ ಬೆಂಚಿಗೊಂದು ಮನಿ ಮಾಡ್ಕೊಂಡಾಳ."

ತಾಯಿಗೆ ನಗು ಬಂತು. ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು.

"ನಗಬ್ಯಾಡ," ಎಂದ ಆತ, ನನ್ನ ಕಡೆ ನೋಡದೆ. "ಮೂಲ್ಯಾಗ ಕುಂತಾಳಲ್ಲ ಟೀಚರ್, ಆಕಿ ಮಾರಿ ನೋಡು. ಪೊಲೀಸ್‌ನೋರ ಗತೆ ಕುಂತಾಳ. ಮೊನ್ನಿ ಛತ್ರಿ ಅಡ್ಡ ಹಿಡ್ಕೊಂಡು ನಮ್ಮ ಬೆನ್ನಿಂದ ರೋಡಿನ ಮಟ ಬಂದಿದ್ಲು. ಮಳಿನೂ ಇರ್ಲಿಲ್ಲ. ನೋಡಿ ನೋಡಲಾರ್ದಂಗ ಹೋದೆ."

"ಯಾಕ ಬಂದಿದ್ಲು?"

"ಕೂಸಿನ್ನ ಮಾರ್ತೀನೇನೋ ಅಂತ."

ನನ್ನ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದೆ.

ತಾಯಿಯ ನಗು ಅಲ್ಲಿಗೇ ನಿಂತಿತು. "ನಿನ್ನ ಬ್ಯಾಡ ಅಂದ್ರ ನಾ ಏನ್ ಮಾಡ್ಲಿ ಅಣ್ಣಾ? ಕೆಲಸ ಬಿಡ್ಲ್ಯಾ? ಇಕೀನ ಊರಾಗ ನಮ್ಮತ್ತಿ ಹಂತ್ಯಾಕ ಕಳಿಸಿಬಿಡ್ತೀನಿ. ಇಂಗ್ಲಿಷ್ ಸಾಲಿ ನಮ್ಮ ಹಣ್ಯಾಗ ಇಲ್ಲ ಅಂತ ತಿಳ್ಕೋತೀನಿ."

"ಮಾಮಾ ಅಂತ ಬರಸಬಾರ್ದಿತ್ತು ನೀ. ಆಜೂಬಾಜೂದವ ಅಂತ ಬರಸಬೇಕಿತ್ತು."

"ಸಣ್ಣಾಕಿ ಇದ್ದಾಗಿಂದ ಅಣ್ಣಾ ಅಂದೀನಿ. ನಮ್ಮವ್ವ ಸತ್ತಾಗ ಹೆಗಲು ಕೊಟ್ಟಾಂವ ನೀನು. ಮಾಮಾ ಅಲ್ದ ಮತ್ತೇನು ಬರಸ್ಲಿ?"

"ಏನು ಮಾತಾಡುತ್ತಿದ್ದಾರೆ ಇವರು?" ಸಿಸ್ಟರ್ ಮೇಜಿನ ಮೇಲೆ ಬೆರಳು ತಟ್ಟಿದರು. ಕೇಳಿದ್ದು ಯಾರನ್ನೂ ಅಲ್ಲ.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಇಬ್ಬರೂ ಒಂದೇ ಊರಿನವರು, ಸ್ವಂತ ಅಣ್ಣತಂಗಿ ಅಲ್ಲ. ಅವರ ಕಡೆ ಅಲಾಯಿ ದೇವರ ಹಬ್ಬ, ಅಂದರೆ ಮೊಹರಂ, ಬಂದರೆ ಹರಕೆ ಹೊತ್ತ ಹಿಂದೂಗಳೂ ಮಕ್ಕಳ ಕೊರಳಿಗೆ ದಾರ ಕಟ್ಟಿಸುತ್ತಾರಂತೆ. ಆ ಕೆಲವು ದಿನ ಮಗು ಫಕೀರ. ಐದು ಮನೆಯಲ್ಲಿ ಬೇಡಿ ತಿನ್ನಬೇಕು. ಇವಳಿಗೆ ಮನೆಗಳು ಸಿಗಲಿಲ್ಲ, ಬೆಂಚುಗಳು ಸಿಕ್ಕವು. ಪೊಲೀಸ್ ಎಂದದ್ದನ್ನು ಅನುವಾದಿಸಲಿಲ್ಲ.

ಇಂಗ್ಲಿಷಿನ ನಡುವೆ ಮೊಹರಂ, ಫಕೀರ ಎಂಬ ಮಾತು ಕೇಳಿದ ತಾಯಿ ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾರ, ನಿಮಗ ಕನ್ನಡ ಬರ್ತೈತಿ?"

"ಬರುತ್ತದೆ."

"ಮೊದಲ ಹೇಳಬಾರ್ದೇನ್ರಿ?" ಆ ಮಾತಿನಲ್ಲಿ ಸಂತೋಷ ಇರಲಿಲ್ಲ. ಹೇಳದೆ ಕೂತದ್ದು ಯಾಕೆ ಎಂಬ ಲೆಕ್ಕ ಇತ್ತು. ಆತ ನೆಲ ನೋಡುತ್ತ, "ಪೊಲೀಸ್ ಅಂದಿದ್ದು ಹಂಗಲ್ರಿ ಮೇಡಂ," ಎಂದ.

ಸಿಸ್ಟರ್ ಅವರ ನೋಟವೂ ನನ್ನ ಮೇಲಿತ್ತು. "ಇವರು ನಿಮಗೆ ಮೊದಲೇ ಗೊತ್ತೇ?"

"ಇಲ್ಲ, ಸಿಸ್ಟರ್."

"ಅವರ ಭಾಷೆ ಗೊತ್ತಿದೆ ಎಂದು ನಿನ್ನೆ ನಾನು ಕರೆಸಿದಾಗ ಹೇಳಲಿಲ್ಲ."

"ನೀವು ಕೇಳಲಿಲ್ಲ."

ಕತ್ತಿನ ಶಿಲುಬೆಯನ್ನು ಅವರು ಸ್ವಲ್ಪ ಹೊತ್ತು ಬೆರಳಲ್ಲಿ ತಿರುಗಿಸಿದರು. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದ ನಮ್ಮ ಕ್ರೈಸ್ತ ಮಕ್ಕಳಲ್ಲಿ ಕೆಲವರ ಕೊರಳಲ್ಲೂ ಚಿಕ್ಕ ಬಟ್ಟೆಯ ಚೌಕ ಇರುವ ಕಂದು ದಾರ ಇರುತ್ತದೆ. ಅದನ್ನು ಯಾರು ಕಟ್ಟಿದರು ಎಂದು ನಾವು ಯಾರೂ ಕೇಳಿದ್ದಿಲ್ಲ. ಅದು ನನಗೆ ಹೊಳೆದಂತೆ ಅವರಿಗೂ ಹೊಳೆಯಿತೋ ಇಲ್ಲವೋ ತಿಳಿಯದು. ಕೊನೆಗೆ ಹೇಳಿದರು. ಹೊಸ ಕಾರ್ಡು ಮಾಡಬಹುದು, ಸಂಬಂಧದ ಜಾಗದಲ್ಲಿ ನೆರೆಯವರು ಎಂದು ಬರೆಯಬೇಕು. ಸಂಬಂಧಿಕರಲ್ಲದವರಾದರೆ ಶಾಲೆಯವರೊಬ್ಬರು, ಈತನನ್ನು ಬಲ್ಲೆ, ಜವಾಬ್ದಾರಿ ನನ್ನದು ಎಂದು ಕೆಳಗೆ ಸಹಿ ಹಾಕಬೇಕು. ಯಾರೂ ಹಾಕದಿದ್ದರೆ ನಾಳೆಯಿಂದ ತಾಯಿಯೇ ಬರಬೇಕು.

ಯಾರು ಎಂದು ಅವರು ಹೇಳಲಿಲ್ಲ. ತಾಯಿಗೆ ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು. ಹೇಳಿದೆ. ಅವಳು ನನ್ನನ್ನು ಏನೂ ಕೇಳಿಕೊಳ್ಳಲಿಲ್ಲ. ಎದ್ದು ಹೊರಗೆ ಹೋಗಿ ಮಗಳ ಡಬ್ಬಿಯನ್ನು ಚೀಲದಿಂದ ತೆಗೆದು, ಮುಚ್ಚಳ ಸರಿಯಾಗಿ ಒತ್ತಿ, ಮತ್ತೆ ಒಳಗಿಟ್ಟಳು.

ಲೋಕಲ್ ರೈಲಿನಲ್ಲಿ ಬಾಗಿಲ ಪಕ್ಕ ನಿಂತು ಮನೆಗೆ ಹೋಗುವಾಗ ನನಗೆ ಖಚಿತವಾಗಿ ಗೊತ್ತಿದ್ದುದನ್ನು ಜೋಡಿಸಿ ನೋಡಿದೆ. ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಅವರು ಆಡಿದ ಮಾತಿನಲ್ಲಿ ಎರಡು ಕಥೆ ಇರಲಿಲ್ಲ. ಮಾತು ಬಂದರೆ ಮನುಷ್ಯ ಗೊತ್ತಾದಂತಲ್ಲ. ಮಣಿಕಟ್ಟು ಹಿಡಿದ ಕೈ ಕಣ್ಣೆದುರು ಬರುತ್ತಲೇ ಇತ್ತು. ನಾನು ಹಿಂದೆ ಬರುತ್ತಿದ್ದೇನೆ ಎಂದು ಗೊತ್ತಿದ್ದೂ ಆತ ದಾರಿ ಬದಲಿಸಿರಲಿಲ್ಲ. ಅಡಗಿಸುವುದೇನೂ ಇಲ್ಲದವನು ಬದಲಿಸುವುದಿಲ್ಲ. ತುಂಬ ಜಾಣನಾದವನೂ ಬದಲಿಸುವುದಿಲ್ಲ. ಅಮ್ಮನಿಗೆ ಹೇಳಿದಾಗ ಅವಳು ಮೀನು ಹುರಿಯುತ್ತಿದ್ದಳು. "ಗುರ್ತಿಲ್ದವರಿಗೆಲ್ಲ ಸೈನ್ ಹಾಕುಕೆ ಹೋಯ್ಬೇಡ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆ ಹೆಣ್ ಇನ್ನೆಂತ ಮಾಡುದು ಅಂಬ್ರು?" ಎಂದೂ ಕೇಳಿದಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಮೊದಲೇ ಆಫೀಸಿಗೆ ಹೋದೆ. ಸಿಸ್ಟರ್ ಹೊಸ ಕಾರ್ಡು ಮುಂದೆ ಇಟ್ಟರು. ನೆರೆಯವರು ಎಂದು ಬರೆದು, ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದೆ. "ಖಾತ್ರಿಯೇ?" ಎಂದು ಕೇಳಿದರು. "ಇಲ್ಲ ಸಿಸ್ಟರ್, ಆದರೆ ನನ್ನದೇ ಜವಾಬ್ದಾರಿ," ಎಂದೆ. ಗೇಟಿಗೆ ಹೋಗಿ, ಹುಡುಗಿಯನ್ನು ಬಿಡಲು ಬಂದಿದ್ದ ಆತನ ಕೈಗೆ ಕಾರ್ಡು ಕೊಟ್ಟೆ. ಕನ್ನಡದಲ್ಲೇ ಆತನ ಕಾರ್ಖಾನೆಯ ವಿಳಾಸ ಕೇಳಿ ಫೋನಿನಲ್ಲಿ ಬರೆದುಕೊಂಡೆ; ಆತ ಬೇಸರಿಸದೆ, ಗಲ್ಲಿಯ ತಿರುವುಗಳನ್ನೂ ಸೇರಿಸಿ ಹೇಳಿದ. ಸ್ಕೂಟರಿನ ತಾಯಿ ನೋಡುತ್ತ ನಿಂತಿದ್ದರು. ಆಮೇಲೆ ಅಸೆಂಬ್ಲಿಯಲ್ಲಿ ಉಗುರು, ಕರ್ಚೀಫು, ಶೂ ನೋಡುತ್ತ ಸಾಲಿನುದ್ದಕ್ಕೂ ಬಂದೆ. ಹುಡುಗಿಯ ಮುಂದೆ ನಿಂತಾಗ ಅವಳ ಕೈ ತಾನಾಗಿ ಕಾಲರಿಗೆ ಹೋಯಿತು. ಆ ಕೈಯನ್ನು ಕೆಳಗಿಳಿಸಿ, ಹೊರಗೆ ಬಂದಿದ್ದ ದಾರವನ್ನು ಒಳಗೆ ಸೇರಿಸಿ, ಮೇಲಿನ ಗುಂಡಿ ಹಾಕಿ, ಪಕ್ಕದ ಹುಡುಗನ ಉಗುರು ನೋಡಿದೆ.